ಬಳ್ಳಿಯ ಕಣ್ಣು ತೆರೆಸುವ ಮದ್ದು ಮತ್ತು ನಾನು ಅಳಿಸಿದ ಒಂದು ಸಾಲು

ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರಿದವರ ಕೈಗೆ ಒಂದು ಕೈಪಿಡಿ ಕೊಡುತ್ತಾರೆ. ಯಾವ ದ್ರಾವಣವನ್ನು ಎಷ್ಟು ತಂಪಿನಲ್ಲಿಡಬೇಕು, ಯಾವ ಗಾಜನ್ನು ಯಾವುದರಿಂದ ತೊಳೆಯಬೇಕು ಎಂಬುದೆಲ್ಲ ಅದರಲ್ಲಿದೆ. ಈ ವೃತ್ತಿಯಲ್ಲಿ ಮನುಷ್ಯ ಎಲ್ಲೆಲ್ಲಿ ಬೆಚ್ಚಿಬೀಳಬೇಕಾಗುತ್ತದೆ ಎಂಬುದು ಮಾತ್ರ ಇಲ್ಲ. ನಿವೃತ್ತಿಯ ಬಿಡುವಿನಲ್ಲಿ ಆ ಅಧ್ಯಾಯವನ್ನು ಬರೆದು ಸೇರಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆನೆಂಬ ವಿವರ ಸೇವಾಪುಸ್ತಕದಲ್ಲಿದೆ. ಅದು ಅಲ್ಲಿಯೇ ಇರಲಿ.

ನಾನು ಭಾಲ್ಕಿಯವಳು. ಕಲಬುರಗಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಓದಿದ್ದಕ್ಕಿಂತ ಹೆಚ್ಚಿನ ಶ್ರದ್ಧೆಯಿಂದ ಚರ್ಚಾಸ್ಪರ್ಧೆಗಳಲ್ಲಿ ವಾದಿಸಿದವಳು. ಎದುರಾಳಿಯ ಮಾತಿನಲ್ಲಿ ಬಲಹೀನವಾದ ಒಂದು ಪದವನ್ನು ಪತ್ತೆಹಚ್ಚಿ ಅಲ್ಲಿಯೇ ಹೊಡೆಯಬೇಕೆಂಬುದು ನಮಗೆ ಕಲಿಸಿದ ವಿದ್ಯೆ. ಲೋಕದ ಅನ್ಯಾಯಗಳೆಲ್ಲ ಸರಿಯಾಗಿ ವಾದಿಸುವವರಿಲ್ಲದ ಕಾರಣದಿಂದಲೇ ಉಳಿದಿವೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಬ್ಯಾಂಕಿನಲ್ಲಿದ್ದ ನನ್ನ ಪತಿಗೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾದಾಗ ನಾನೂ ಬಂದು, ಹಣ್ಣಿನ ಬೆಳೆಗಳ ಸಂಶೋಧನಾ ಕೇಂದ್ರವೊಂದನ್ನು ಸೇರಿದೆ. ಪ್ರಯೋಗಾಲಯ ಈ ಊರಿನಲ್ಲಿ, ಪ್ರಯೋಗದ ತೋಟಗಳು ನಾಶಿಕದ ಸುತ್ತಮುತ್ತ. ಪತಿಗೆ ಮುಂದೆ ಬೇರೆ ಬೇರೆ ಊರುಗಳಿಗೆ ವರ್ಗವಾಯಿತು. ನಾನು ದ್ರಾಕ್ಷಿಯ ಬಳ್ಳಿಗೆ ಅಂಟಿಕೊಂಡು ಇಲ್ಲಿಯೇ ಉಳಿದೆ.

ನಮ್ಮ ಕೆಲಸವೇನೆಂಬುದನ್ನು ಮೊದಲು ಸ್ಪಷ್ಟಪಡಿಸುತ್ತೇನೆ. ದ್ರಾಕ್ಷಿ ಬಳ್ಳಿಯ ಗೆಣ್ಣಿನಲ್ಲಿ ಕುಳಿತಿರುವ ಕಂದುಬಣ್ಣದ ಪುಟ್ಟ ಉಬ್ಬನ್ನು ಇಲ್ಲಿನ ರೈತರು ಡೋಳಾ ಎನ್ನುತ್ತಾರೆ. ನಾವು ಕಣ್ಣು ಎನ್ನುತ್ತೇವೆ. ಮುಂದಿನ ಕುಡಿ, ಎಲೆ, ಗೊಂಚಲು ಎಲ್ಲವೂ ಅದರೊಳಗೆ ಮಡಚಿಕೊಂಡು ಮಲಗಿರುತ್ತವೆ. ಚಳಿಯ ದೇಶಗಳಲ್ಲಿ ಚಳಿಗಾಲ ಕಳೆದೊಡನೆ ಕಣ್ಣುಗಳೆಲ್ಲ ಒಟ್ಟಿಗೆ ತೆರೆಯುತ್ತವೆ. ನಮ್ಮಲ್ಲಿ ಅಂಥ ಚಳಿಗಾಲವಿಲ್ಲ. ಆದ್ದರಿಂದ ಬಳ್ಳಿಯನ್ನು ಕತ್ತರಿಸಿದ ಒಂದೆರಡು ದಿನಗಳಲ್ಲಿ ಹೈಡ್ರೋಜನ್ ಸಯನಮೈಡ್ ಎಂಬ ಮದ್ದಿನಲ್ಲಿ ಬಟ್ಟೆ ಅದ್ದಿ, ಒಂದೊಂದು ಕಣ್ಣಿಗೂ ಕೈಯಿಂದ ಹಚ್ಚುತ್ತಾರೆ. ಯಾವ ಕಣ್ಣಿಗೆ ಹಚ್ಚಿತು, ಯಾವುದಕ್ಕೆ ಇಲ್ಲ ಎಂಬ ಗುರುತಿಗಾಗಿ ಮದ್ದಿಗೆ ಕೆಂಪು ಬಣ್ಣ ಬೆರೆಸುತ್ತಾರೆ. ಆ ಮದ್ದು ಕಣ್ಣಿನೊಳಗೆ ಏನು ಮಾಡುತ್ತದೆ ಎಂದು ಅಳೆಯುವುದು ನಮ್ಮ ಕೆಲಸ.

ಸೇರಿದ ಮೊದಲ ತಿಂಗಳಲ್ಲಿಯೇ ನನ್ನ ಮೇಲಧಿಕಾರಿ ಡಾಕ್ಟರ್ ಪಾಟಣಕರ್ ಎರಡು ಗಾಜಿನ ನಳಿಕೆಗಳನ್ನು ನನ್ನ ಮುಂದಿಟ್ಟರು. ಒಂದರಲ್ಲಿ ಮದ್ದು ಹಚ್ಚದ ಕಣ್ಣುಗಳನ್ನು ಅರೆದ ರಸ, ಇನ್ನೊಂದರಲ್ಲಿ ಮದ್ದು ಹಚ್ಚಿದವುಗಳ ರಸ. ಎರಡಕ್ಕೂ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರು. ಮೊದಲನೆಯದರಲ್ಲಿ ನೊರೆ ಉಕ್ಕಿ ನಳಿಕೆಯ ಬಾಯಿಗೆ ಬಂತು. ಜೀವಕೋಶದಲ್ಲಿ ಹುಟ್ಟುವ ಪೆರಾಕ್ಸೈಡನ್ನು ಒಡೆದು ನಿರಪಾಯಗೊಳಿಸುವ ಕ್ಯಾಟಲೇಸ್ ಎಂಬ ಕಿಣ್ವದ ಕೆಲಸವದು. ಎರಡನೆಯದು ಬಾವಿಯ ನೀರಿನಂತೆ ಸುಮ್ಮನಿತ್ತು.

"ಬಘಾ, ನೋಡಿ ಮೇಡಮ್," ಎಂದರು ಪಾಟಣಕರ್. "ಕಿಣ್ವದ ಕತ್ತು ಹಿಸುಕಿದ್ದೇವೆ. ಪೆರಾಕ್ಸೈಡ್ ಒಳಗೇ ತುಂಬಿಕೊಳ್ಳುತ್ತದೆ. ಕಣ್ಣಿಗೆ ಜೀವಭಯ ಹುಟ್ಟುತ್ತದೆ. ಆಮೇಲೆ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅದರ ಹಿಂದೆ ಪೊಟ್ಯಾಸಿಯಂ, ಸಕ್ಕರೆ, ನೀರು. ಕಣ್ಣು ಊದಿಕೊಂಡು ಬಿಚ್ಚುತ್ತದೆ."

"ಹಾಗಾದರೆ ಇದು ಎಬ್ಬಿಸುವುದಲ್ಲ ಸರ್, ಹೆದರಿಸುವುದು."

"ನಿಮ್ಮ ಮನೆಯಲ್ಲಿ ಮಕ್ಕಳನ್ನು ಹೇಗೆ ಎಬ್ಬಿಸುತ್ತೀರಿ?" ಎಂದು ಅವರು ನಕ್ಕರು.

ನನಗೆ ನಗು ಬರಲಿಲ್ಲ. ಹಸಿರು ತೋಟಗಳ ಹಿಂದೆ ಇಷ್ಟು ಲೆಕ್ಕಾಚಾರದ ಕ್ರೌರ್ಯವಿದೆ ಎಂಬುದನ್ನು ಅರಗಿಸಿಕೊಳ್ಳಲು ಹಲವು ದಿನಗಳು ಬೇಕಾದವು. ಆದರೆ ಆ ಹೊತ್ತಿನಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆ ನನ್ನ ತಲೆಗೆ ಹೊಳೆಯಲಿಲ್ಲ. ವೃತ್ತಿಯ ಕೊನೆಯ ವರ್ಷಗಳವರೆಗೂ ಹೊಳೆಯಲಿಲ್ಲ.

ಎರಡನೆಯ ಆಘಾತವನ್ನು ನಾನೇ ತಂದುಕೊಂಡೆ. ಮದ್ದು ಹಚ್ಚಿದ ಕಣ್ಣುಗಳಿಗೆ ಕ್ಯಾಲ್ಸಿಯಂ ಎಷ್ಟು ನುಗ್ಗುತ್ತದೆಂದು ಅಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನನ್ನ ಸಹಾಯಕ ಶರಣಪ್ಪ, ಆಳಂದದವನು, ಸೇವೆಯಲ್ಲಿ ನನಗಿಂತ ಹಿರಿಯ. ನಾಶಿಕದ ತೋಟಗಳಿಂದ ಐಸ್ ಪೆಟ್ಟಿಗೆಯಲ್ಲಿ ಕಣ್ಣುಗಳನ್ನು ತರುತ್ತಿದ್ದ. ದಾರಿಯಲ್ಲಿ ದೌಲತಾಬಾದಿನ ಕೋಟೆ ಕಂಡಿತೆಂದರೆ ಮುಚ್ಚಳ ತೆಗೆದು ಐಸು ಉಳಿದಿದೆಯೇ ಎಂದು ನೋಡುವುದು ಅವನ ನಿಯಮ. ನಮ್ಮ ಅಂಕಿಗಳು ಬೆರಗು ಹುಟ್ಟಿಸುವಂತಿದ್ದವು: ಮದ್ದು ಹಚ್ಚಿದ ಕಣ್ಣುಗಳಲ್ಲಿ ಕ್ಯಾಲ್ಸಿಯಂ ರಾಶಿರಾಶಿಯಾಗಿತ್ತು. ನಾಶಿಕದ ವಾರ್ಷಿಕ ಸಭೆಯಲ್ಲಿ ಅದನ್ನು ಮಂಡಿಸಿದೆ. ಹಿರಿಯರೊಬ್ಬರು ಎದ್ದು, ಇಷ್ಟೊಂದು ಬರುವುದು ಸಾಧ್ಯವೇ ಎಂದು ಸಂದೇಹಿಸಿದರು. ಅವರ ಪ್ರಶ್ನೆಯಲ್ಲಿದ್ದ 'ಬಹುಶಃ' ಎಂಬ ಒಂದು ಪದವನ್ನು ಹಿಡಿದು ಅವರನ್ನು ನೆಲಕ್ಕೆ ಕೆಡವಿದೆ. ಚಪ್ಪಾಳೆ ಬಿತ್ತು.

ಊರಿಗೆ ಮರಳಿದ ಮೇಲೆ ಶರಣಪ್ಪ ಚಹಾದ ಕೆಟಲನ್ನು ತಂದು ನನ್ನ ಮೇಜಿನ ಮೇಲಿಟ್ಟ.

"ಮೇಡಮ್ಮೋರ, ಇದರೊಳಗ ನೋಡ್ರಿ. ಬಿಳಿ ಪದರ ಹ್ಯಾಂಗ ಕುಂತದ."

"ಗಡಸು ನೀರು ಶರಣಪ್ಪ. ಅದಕ್ಕೇನು?"

"ಅದಕ್ಕೇನು ಅಂದ್ರ… ಕೆಂಪು ಬಣ್ಣದ ಕಣ್ಣು ಇರ್ತಾವಲ್ರಿ, ಬಣ್ಣ ಹೋಗ್ಲಿ ಅಂತ ಅವನ್ನ ನಾ ನಳದ ನೀರಾಗ ನಾಕ್ ಸಲ ತಿಕ್ಕಿ ತೊಳಿತೀನ್ರಿ. ಬಣ್ಣ ಇಲ್ಲದವನ್ನ ತೊಳ್ಯಂಗಿಲ್ಲ. ನೀವ್ ಸಭಾದಾಗ ಅಷ್ಟ ಜೋರ್ ಮಾತಾಡ್ಲಕತ್ತಿದ್ರಿ, ನಡು ಬಾಯಿ ಹಾಕ್ಲಕ ಧೈರ್ಯ ಆಗ್ಲಿಲ್ಲ."

ಆ ಬಿಳಿ ಪದರವನ್ನು ಉಗುರಿನಿಂದ ಕೆರೆದೆ; ಅದು ಕ್ಯಾಲ್ಸಿಯಂ. ಸಭೆಯಲ್ಲಿ ನಾನು ಗೆಲ್ಲಿಸಿದ ಕ್ಯಾಲ್ಸಿಯಂ ಬಳ್ಳಿಯದಾಗಿರಲಿಲ್ಲ. ಪಾಟಣಕರರ ಮುಂದೆ ಹೋಗಿ ನಿಂತಾಗ ಅವರು ಬೈಯಲಿಲ್ಲ. "ವಾದ ನಿಮ್ಮದೇ, ಮೇಡಮ್. ಕ್ಯಾಲ್ಸಿಯಂ ಮಾತ್ರ ನಳದ್ದು," ಎಂದು ಹೇಳಿ, ಆ ಹಿರಿಯರಿಗೆ ನನ್ನ ಕೈಯಿಂದಲೇ ಪತ್ರ ಬರೆಸಿದರು. ಅನಂತರ ಬಟ್ಟಿ ಇಳಿಸಿದ ನೀರಿನಲ್ಲಿ ಎಲ್ಲ ಕಣ್ಣುಗಳನ್ನೂ ಸಮನಾಗಿ ತೊಳೆದು ಪುನಃ ಅಳೆದೆವು. ಕ್ಯಾಲ್ಸಿಯಂ ಏರುವುದು ನಿಜವಾಗಿತ್ತು; ಚಪ್ಪಾಳೆಗೆ ತಕ್ಕಷ್ಟು ಮಾತ್ರ ಇರಲಿಲ್ಲ.

ವಿಧಾನಗಳು ಬದಲಾದವು. ನೊರೆಯ ಎತ್ತರವನ್ನು ಪಟ್ಟಿಯಿಟ್ಟು ಅಳೆಯುತ್ತಿದ್ದ ಕಡೆ ಬೆಳಕಿನ ಹೀರುವಿಕೆಯಿಂದ ಕಿಣ್ವದ ವೇಗವನ್ನು ಕ್ಷಣಕ್ಷಣಕ್ಕೂ ದಾಖಲಿಸುವ ಯಂತ್ರ ಬಂತು. ಕಣ್ಣನ್ನು ಸುಟ್ಟು ಬೂದಿ ಮಾಡಿ ಪೊಟ್ಯಾಸಿಯಂ ಎಣಿಸುತ್ತಿದ್ದವರು, ಜೀವಂತ ಕಣ್ಣಿನ ಪಕ್ಕದಲ್ಲಿಯೇ ಕೂದಲಿಗಿಂತ ಸಪೂರವಾದ ವಿದ್ಯುದ್ವಾರವನ್ನು ಹಿಡಿದು ಅಯಾನುಗಳು ಒಳಹೋಗುವುದನ್ನೂ ಹೊರಬರುವುದನ್ನೂ ನೋಡುವಂತಾದೆವು. ಒಂದು ಗೋಧಿ ಕಾಳಿನಷ್ಟಿರುವ ಕಣ್ಣಿನೊಳಗೆ ಏನು ಹೋಗುತ್ತದೆ, ಏನು ಬರುತ್ತದೆ ಎಂಬುದರಲ್ಲಿ ನನಗೆ ತಿಳಿಯದ್ದು ಬಹಳ ಉಳಿದಿಲ್ಲವೆಂಬ ಹೆಮ್ಮೆ ಮೂಡಿತ್ತು.

ಆ ಹೆಮ್ಮೆಯ ದಿನಗಳಲ್ಲಿಯೇ ಮದ್ದು ಹಚ್ಚುವ ಕೂಲಿಕಾರರಿಗಾಗಿ ಒಂದು ಎಚ್ಚರಿಕೆಯ ಫಲಕ ಸಿದ್ಧಪಡಿಸಲು ಕೇಂದ್ರದಲ್ಲಿ ಸಮಿತಿಯಾಯಿತು. ಅದಕ್ಕಾಗಿ ಹೆಚ್ಚು ಒತ್ತಾಯಿಸಿದವಳು ನಾನೇ. ರೈತರಿಗೆ ಕರಪತ್ರಗಳ ಮೇಲೆ ಕರಪತ್ರ, ಹಚ್ಚುವ ಕೈಗಳಿಗೆ ಒಂದು ಸಾಲೂ ಇಲ್ಲವೆಂದು ಹಲವು ಬಾರಿ ಬರೆದಿದ್ದೆ. ಸಮಿತಿಯಲ್ಲಿ ಸುರಕ್ಷತೆಯ ಉಸ್ತುವಾರಿಯ ಜಾಧವ್ ಎಂಬವರಿದ್ದರು. ಮಿತಭಾಷಿ, ಮಾತಾಡುವಾಗ ತಡವರಿಸುತ್ತಿದ್ದರು. ಮದ್ದಿನ ಡಬ್ಬಿಯ ಜೊತೆ ಬರುವ ಚೀಟಿಯಿಂದ ಅವರು ಸಾಲುಗಳನ್ನು ಆರಿಸಿ ತಂದಿದ್ದರು: ಕೈಗವಸು ತೊಡಿ, ಊಟಕ್ಕೆ ಮುಂಚೆ ಸಾಬೂನಿನಿಂದ ತೊಳೆಯಿರಿ, ಮದ್ದು ಹಚ್ಚುವ ಮುಂಚೆ ಮತ್ತು ಅನಂತರದ ದಿನಗಳಲ್ಲಿ ಮದ್ಯ ಸೇವಿಸಬೇಡಿ.

ಮೂರನೆಯ ಸಾಲನ್ನು ಕಂಡು ನನ್ನ ಮೈ ಉರಿಯಿತು.

"ಕೂಲಿಯವರು ಎಂದೊಡನೆ ಕುಡುಕರು ಎಂದು ನಿಮಗೆ ಯಾರು ಹೇಳಿದರು?" ಎಂದೆ. "ಈ ಪ್ರಯೋಗಾಲಯದಲ್ಲಿ ನಾವೂ ಇದೇ ಮದ್ದನ್ನು ಮುಟ್ಟುತ್ತೇವೆ. ವಿಜ್ಞಾನಿಗಳೇ ಕುಡಿಯಬೇಡಿ ಎಂದು ನಮ್ಮ ಗೋಡೆಗೆ ಅಂಟಿಸುತ್ತೀರಾ? ಈ ಕೆಲಸ ಮಾಡುವವರಲ್ಲಿ ಬಹುಪಾಲು ಹೆಂಗಸರು. ತೋಟದ ನಡುವೆ ಅವರ ಮಾನಕ್ಕೆ ಮಸಿ ಬಳಿಯುವ ಫಲಕವನ್ನು ನಿಲ್ಲಿಸುವುದಕ್ಕೆ ನನ್ನ ಸಹಿಯಿಲ್ಲ."

"ಮೇಡಮ್, ತ… ತಸಂ ನಾಹಿ, ಹಾಗಲ್ಲ," ಎಂದರು ಜಾಧವ್. "ಅದು ಬಹುಶಃ ದೇಹದೊಳಗೆ ಏನೋ…"

"ಬಹುಶಃ! ಬಹುಶಃ ಎಂಬುದರ ಮೇಲೆ ನಾವು ಜನರನ್ನು ಅವಮಾನಿಸಬಹುದೇ?"

ಅವರು ಕುಳಿತರು. ಸಮಿತಿ ನನ್ನೊಡನೆ ಒಪ್ಪಿತು. ನಾನೇ ಪೆನ್ನಿನಿಂದ ಆ ಸಾಲನ್ನು ಹೊಡೆದು ಹಾಕಿದೆ. ಮನೆಗೆ ಹೋಗಿ ಮಗಳಿಗೆ ಈ ವಿಜಯವನ್ನು ಕನ್ನಡದಲ್ಲಿ ವರ್ಣಿಸಿದೆ, "ಆಯಿ, ಮಸ್ತ್!" ಎಂದು ಅವಳು ಮರಾಠಿಯಲ್ಲಿ ಮೆಚ್ಚಿಕೊಂಡಳು. ಚೀಟಿಯಲ್ಲಿ ಆ ಸಾಲು ಏಕಿದೆ ಎಂದು ಒಂದು ಪುಸ್ತಕವನ್ನೂ ನಾನು ತೆರೆದು ನೋಡಿರಲಿಲ್ಲ.

ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿದ್ದಾಗ ನನ್ನ ಕೊನೆಯ ಪ್ರಯೋಗ ನಾಶಿಕ ಜಿಲ್ಲೆಯ ಸಟಾಣಾದ ಕಡೆಯ ಒಂದು ತೋಟದಲ್ಲಿ ನಡೆಯಿತು. ದಾಳಿಂಬೆ, ಈರುಳ್ಳಿಯ ಆ ಸೀಮೆಯಲ್ಲಿ ಬೇಗ ಹಣ್ಣು ತೆಗೆಯುವ ದ್ರಾಕ್ಷಿ ತೋಟಗಳೂ ಇವೆ. ಕತ್ತರಿಸಿದ ಬಳ್ಳಿಗೆ ಅದೇ ದಿನ ಮದ್ದು ಹಚ್ಚಿದರೆ, ಒಂದು ದಿನ ಬಿಟ್ಟು ಹಚ್ಚಿದರೆ, ಎರಡು ದಿನ ಬಿಟ್ಟು ಹಚ್ಚಿದರೆ ಕಿಣ್ವ ಮತ್ತು ಅಯಾನುಗಳ ನಡೆಯಲ್ಲಿ ಏನು ಭೇದ ಎಂದು ತಿಳಿಯುವುದು ನಮ್ಮ ಉದ್ದೇಶ. ಹೆಂಗಸರ ತಂಡವೊಂದು ಸಾಲುಗಳಲ್ಲಿ ಕೆಲಸ ಮಾಡುತ್ತಿತ್ತು. ಬೆಳಿಗ್ಗೆಯಿಂದ ಅವರಿಗೆ ಮರಾಠಿಯಲ್ಲಿ ಸೂಚನೆ ಕೊಡುತ್ತಿದ್ದೆ. ತಂಡದ ಮುಖ್ಯಸ್ಥೆ ಗೌರಾಬಾಯಿ ನಾನು ಶರಣಪ್ಪನೊಡನೆ ಕನ್ನಡದಲ್ಲಿ ಆಡಿದ ಮಾತನ್ನು ಕೇಳಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಯ್ಯ ಯವ್ವ! ನೀವ್ ನಮ್ ಕಡೀಯೋರೇನ್ರಿ? ಮತ್ತ ಮುಂಜಾನಿಂದ ಆ ಮರಾಠಿ ಮಾತಾಡಿ ನಮ್ಮ ಜೀವ ಯಾಕ್ ತಿಂದ್ರಿ?"

ತಂಡದವರೆಲ್ಲ ಆಳಂದದ ಸುತ್ತಲಿನವರು. ಶಿವಭಕ್ತರ ಮನೆತನಗಳು, ಕೊರಳಲ್ಲಿ ಲಿಂಗ. ಅವರಲ್ಲಿ ಮಹಾದೇವಿ ಎಂಬ ಕಿರಿಯಳಿದ್ದಳು, ಮೂರು ತಿಂಗಳ ಬಾಣಂತಿ. ಗಂಡ ಸಿನ್ನರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ. ಅತ್ತೆ ಕಾಶಮ್ಮ ತೋಟದ ಅಂಚಿನ ಶೆಡ್ಡಿನಲ್ಲಿ ಕೂಸನ್ನು ನೋಡಿಕೊಳ್ಳುತ್ತಿದ್ದಳು. ಕೈಗವಸು ತೊಟ್ಟರೆ ಕಣ್ಣು ಬೆರಳಿಗೆ ಸಿಗುವುದಿಲ್ಲವೆಂದು ಹೆಂಗಸರು ಅದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ನಾನು ಎರಡು ಬಾರಿ ಗದರಿದೆ. "ಹೌದ್ರಿ, ಹೌದ್ರಿ," ಎಂದು ತೊಟ್ಟು, ನಾನು ಮುಂದಿನ ಸಾಲಿಗೆ ಹೋದೊಡನೆ ತೆಗೆದರು. ಎಲ್ಲರ ಅಂಗೈಗಳೂ ಕೆಂಪಾಗಿದ್ದವು.

ಮಧ್ಯಾಹ್ನ ಊಟ ಮುಗಿಸಿ, ಕೂಸಿಗೆ ಹಾಲು ಕುಡಿಸಿ ಬಂದ ಮಹಾದೇವಿಯ ಮುಖ ಕೆಂಪಾಗಿತ್ತು. ಬಣ್ಣದ ಕೈಯಿಂದ ಬೆವರು ಒರೆಸಿಕೊಂಡಿದ್ದಾಳೆ ಎಂದುಕೊಂಡೆ. ಕೆಂಪು ಕೊರಳಿಗೆ ಇಳಿಯಿತು. ಎದೆಯ ಮೇಲೆ ಹರಡಿತು. ಅವಳು ಬಾಯಿ ತೆರೆದು ಉಸಿರೆಳೆಯುತ್ತ ಕಂಬವನ್ನು ಹಿಡಿದಳು. ಹಿಡಿತ ತಪ್ಪಿ ಬಿದ್ದಳು. ಎದೆ ಸೀರೆಯ ಮೇಲಿಂದಲೇ ಬಡಿದುಕೊಳ್ಳುವುದು ಕಾಣುತ್ತಿತ್ತು. ಗೌರಾಬಾಯಿ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡವಳು ಥಟ್ಟನೆ ಮುಖ ಹಿಂದಕ್ಕೆ ತೆಗೆದಳು.

"ಬಾಯಿಂದ ವಾಸನಿ ಬರ್ಲಕತ್ತದ," ಎಂದಳು. "ಲೇ ಮಾದೇವಿ, ಏನ್ ಕುಡದೀ? ಕೊರಳಾಗ ಲಿಂಗ ಅದ, ಎದಿಗೆ ಕೂಸ ಅದ, ಕುಡದ್ ಬಂದೀಯೇನ?"

ನಾನು ಬಗ್ಗಿದೆ. ನಾನೂ ಮೂಸಿದೆ. ಹುಳಿಹುಳಿಯಾದ, ಸಿಹಿಯಾದ, ಸಂದೇಹವೇ ಇಲ್ಲದ ವಾಸನೆ. ನಾನೂ ನಂಬಿದೆ. ಸಮಿತಿಯ ಮುಂದೆ ಇವರ ಮಾನದ ಪರವಾಗಿ ಗುಡುಗಿದ್ದವಳು ಒಂದು ಉಸಿರಿನಷ್ಟು ಹೊತ್ತಿನಲ್ಲಿ ಅವಳ ಬಗ್ಗೆ ತೀರ್ಪು ಕೊಟ್ಟಿದ್ದೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಜೀಪಿನಲ್ಲಿ ಸಟಾಣಾದ ವೈದ್ಯರ ಬಳಿಗೆ ಒಯ್ದೆವು. ರಕ್ತದೊತ್ತಡ ತೀರ ಇಳಿದಿತ್ತು. ಸಲೈನ್ ಏರಿಸುತ್ತ ವೈದ್ಯರು, "ಏನಾದರೂ ಕುಡಿದಿದ್ದಾಳೆಯೇ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. "ಯಾವ ಔಷಧ ಹಚ್ಚುತ್ತಿದ್ದಳು?" ಶರಣಪ್ಪ ಡಬ್ಬಿಯ ಜೊತೆಗಿದ್ದ ಚೀಟಿಯನ್ನು ಜೇಬಿನಲ್ಲಿ ತಂದಿದ್ದ. ವೈದ್ಯರು ಅದರ ಮೇಲೆ ಬೆರಳಾಡಿಸುತ್ತ ಒಂದು ಕಡೆ ನಿಲ್ಲಿಸಿದರು. ಆ ಬೆರಳಿನ ಕೆಳಗಿದ್ದದ್ದು ನಾನು ಹೊಡೆದು ಹಾಕಿದ ಸಾಲು.

"ಇವಳು ಸಾರಾಯಿ ಕುಡಿದಿಲ್ರಿ," ಎಂದ ಶರಣಪ್ಪ ಮೆಲ್ಲನೆ. "ಅತ್ತಿಗಿ ಸುದ್ದಿ ಹೇಳ್ಲಕ ಶೆಡ್ಡಿಗಿ ಹೋಗಿದ್ದೆ. ಬಾಣಂತಿಗಿ ಕೊಡೋ ಅರಿಷ್ಟದ ಬಾಟ್ಲಿ ಅದ ಅಲ್ಲಿ. ದಿನಾ ಉಂಡ ಮ್ಯಾಲ ಎರಡು ಮುಚ್ಚಳ."

ಅರಿಷ್ಟ ಎಂದರೆ ಬೇರುಗಳ ಕಷಾಯವನ್ನು ಬೆಲ್ಲದೊಡನೆ ಹುಳಿಯಿಟ್ಟು ಮಾಡುವ ಔಷಧ. ಆ ಹುಳಿಯಲ್ಲಿ ತಾನಾಗಿ ಸ್ವಲ್ಪ ಮದ್ಯಾಂಶ ಹುಟ್ಟುತ್ತದೆ. ನಮ್ಮ ಮನೆಗಳಲ್ಲಿ ಹೆತ್ತವರಿಗೆಲ್ಲ ಕೊಟ್ಟಿದ್ದಾರೆ. ನನ್ನ ಬಾಣಂತನದಲ್ಲಿ ನಾನೂ ಕುಡಿದಿದ್ದೇನೆ. ಅದನ್ನು ಮದ್ಯವೆಂದು ಯಾರೂ ಕರೆಯುವುದಿಲ್ಲ.

ವೈದ್ಯರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಾಗ, ಎರಡು ನಳಿಕೆಗಳ ಮುಂದೆ ಕೇಳಬೇಕಾಗಿದ್ದ ಪ್ರಶ್ನೆ ನನಗೆ ಮೊದಲ ಬಾರಿ ಹೊಳೆಯಿತು. ಕಣ್ಣಿನ ಕಿಣ್ವವನ್ನು ನಿಲ್ಲಿಸುವ ಮದ್ದು ಹಚ್ಚುವ ಕೈಯ ಚರ್ಮವನ್ನು ದಾಟಿದರೆ ಯಾವ ಕಿಣ್ವವನ್ನು ನಿಲ್ಲಿಸುತ್ತದೆ? ಉತ್ತರ ಒಳಗೆ ಮಲಗಿತ್ತು. ಮದ್ಯಾಂಶ ದೇಹದಲ್ಲಿ ಮೊದಲು ಒಂದು ವಿಷವಾಗುತ್ತದೆ. ಯಕೃತ್ತಿನ ಕಿಣ್ವವೊಂದು ಆ ವಿಷವನ್ನು ಕೂಡಲೇ ಒಡೆಯುತ್ತದೆ. ಮದ್ದು ಆ ಕಿಣ್ವವನ್ನು ತಡೆಹಿಡಿಯುತ್ತದೆ. ಆಮೇಲೆ ಎರಡು ಮುಚ್ಚಳವೂ ಹೆಚ್ಚು. ಜಾಧವ್ ತಡವರಿಸುತ್ತ ಹೇಳಲು ಹೊರಟದ್ದು ಇದನ್ನೇ. ಅವರ ವಾಕ್ಯ ಮುಗಿಯಲು ನಾನು ಬಿಟ್ಟಿರಲಿಲ್ಲ.

ಸಂಜೆಯ ಹೊತ್ತಿಗೆ ಮಹಾದೇವಿ ಎದ್ದು ಕುಳಿತಳು. ಆ ವೇಳೆಗೆ ಸುದ್ದಿ ಸಿನ್ನರ್ ಮುಟ್ಟಿತ್ತು. ಕುಡಿಯುವ ಹೆಂಡತಿ ತನಗೆ ಬೇಡ, ಮರುದಿನ ಬೆಳಿಗ್ಗೆಯ ಬಸ್ಸಿಗೆ ಅವಳನ್ನು ತವರಿಗೆ ಅಟ್ಟಿರಿ, ಕೂಸು ತನ್ನ ಅವ್ವ ಕಾಶಮ್ಮನ ಬಳಿ ಇರಲಿ ಎಂದು ಗಂಡ ಫೋನಿನಲ್ಲಿ ಹೇಳಿಬಿಟ್ಟಿದ್ದ. ನಾನು ಅವಳಿಗೆ ನಡೆದದ್ದನ್ನು ವಿವರಿಸಿದೆ. ಅವಳು ನನ್ನ ಕೈ ಹಿಡಿದಳು.

"ಅರಿಷ್ಟದಾಗ ಅದು ಇರ್ತದ ಅಂತ ಹೇಳಬ್ಯಾಡ್ರಿ ಮೇಡಮ್ಮೋರ. ಕೊಟ್ಟಾಕಿ ನಮ್ಮತ್ತಿ. ಸೊಸಿಗಿ ಸೆರೆ ಕುಡಿಸ್ಯಾಳಂತ ಊರೆಲ್ಲ ಆಡ್ಕೊಂತದ. ಆಕಿ ಜೀವ ಇಟ್ಕೊಳ್ಳಂಗಿಲ್ಲ."

"ಹೇಳದಿದ್ದರೆ ನಿನ್ನ ಕೂಸು?"

ಅವಳು ನನ್ನ ಕೈ ಬಿಟ್ಟಳು. ಸೆರಗು ಎದೆಯ ಬಳಿ ಒದ್ದೆಯಾಗಿತ್ತು. ಕೂಸಿಗೆ ಹಾಲು ಕುಡಿಸುವ ಹೊತ್ತು ಮೀರಿತ್ತು.

ಮರುದಿನ ಬೆಳಿಗ್ಗೆ ಬಸ್ಸಿಗೆ ಮುಂಚೆ ಶೆಡ್ಡಿನ ಮುಂದೆ ನಿಂತೆ. ತಂಡದ ಹೆಂಗಸರೆಲ್ಲ ಸೇರಿದ್ದರು. ಮಹಾದೇವಿ ಗಂಟು ಕಟ್ಟಿಕೊಂಡು ದೂರ ಕುಳಿತಿದ್ದಳು; ಕೂಸು ಕಾಶಮ್ಮನ ಮಡಿಲಲ್ಲಿತ್ತು. ಅರಿಷ್ಟದ ಹೆಸರೆತ್ತದೆ, ಮದ್ದು ಮುಟ್ಟಿದವರಿಗೆ ಯಾವುದರಲ್ಲಿಯೋ ಇರುವ ಚೂರು ಮದ್ಯಾಂಶವೂ ಸಾಕು, ಕಿಣ್ವ, ಯಕೃತ್ತು ಎಂದು ನನ್ನ ಅತ್ಯುತ್ತಮ ಕನ್ನಡದಲ್ಲಿ ಮಾತನಾಡಿದೆ. ಇಷ್ಟು ಸೋತ ಭಾಷಣವನ್ನು ನಾನು ಜೀವನದಲ್ಲಿ ಮಾಡಿಲ್ಲ.

"ನೀವ್ ಓದಿದಾಕಿ," ಎಂದಳು ಗೌರಾಬಾಯಿ. "ಹೆಣ್ಮಗಳು ಅಂತ ಉಳಸ್ಲಕ ಬಂದೀರಿ. ಆದ್ರ ಮೂಗು ನಮಗೂ ಅದ. ಅಕೀ ಬಾಯಿ ವಾಸನಿ ಮದ್ದಿಂದೇನು?"

ಕಾಶಮ್ಮ ತಲೆಯೆತ್ತಿದಳು. "ವಾಸನಿ ಅರಿಷ್ಟದ್ದೇ ಇರಬೇಕಲ್ಲ. ಉಂಡ ಮ್ಯಾಲ ನಾನಽ ಕೊಟ್ಟೀನಿ. ಆದ್ರ ಅರಿಷ್ಟಕ್ಕ ಯಾರರ ಬೀಳ್ತಾರೇನು? ಮೊಣಕಾಲ ನೋವಿಗಿ ನಾನೂ ಅದನ್ನೇ ಕುಡೀತೀನಿ. ನಾ ಬಿದ್ದೇನೇನು? ಮ್ಯಾಲ ಮತ್ತೇನರ ಕುಡದಿರಬೇಕು ಅಕಿ."

ಈ ಮಾತನ್ನು ಖಂಡಿಸಲು ನಾಲಗೆ ತುದಿಗೆ ಬಂದದ್ದನ್ನು ತಡೆದೆ. ಕೇಳಿದೆ: "ಕಾಶಮ್ಮ, ನೀವು ಮದ್ದು ಹಚ್ಚಲಿಕ್ಕೆ ಹೋಗಿದ್ದೀರಾ?"

"ನಾ ಯಾಕ ಹೋಗ್ಲಿ? ಕೂಸಿನ ಯಾರು ನೋಡ್ಬೇಕು?"

"ಅವಳ ಮುಖ ಹೀಗೆ ಕೆಂಪಾದದ್ದು ನಿನ್ನೆಯೇ ಮೊದಲೋ?"

ಮುದುಕಿ ಕೂಸನ್ನು ತಟ್ಟುತ್ತ ನೆನೆದುಕೊಂಡಳು. "ಇಲ್ಲ. ಹಿಂದಿನ ತೋಟದಾಗೂ ಆಗಿತ್ತು, ಎರಡು ದಿನ. ಉಷ್ಣ ಆಗ್ಯಾದಂತ ಮಜ್ಜಿಗಿ ಕೊಟ್ಟಿದ್ದೆ."

"ಅರಿಷ್ಟ ಯಾವಾಗಿನಿಂದ ಕೊಡುತ್ತಿದ್ದೀರಿ?"

"ಹಡದಾಗಿಂದ. ದಿನಾ."

"ಊರಲ್ಲಿದ್ದಾಗ ಕೆಂಪಾಗಿತ್ತೇ?"

"ಇಲ್ಲ."

"ಇಲ್ಲಿ ಬಳ್ಳಿ ಕತ್ತರಿಸುವ ದಿನಗಳಲ್ಲಿ?"

"ಇಲ್ಲ…" ತಟ್ಟುತ್ತಿದ್ದ ಕೈ ನಿಂತಿತು. "ಆ ಎರಡು ದಿನ ಮದ್ದು ಹಚ್ಚಲಾಕ ಹೋಗಿದ್ಲು. ನಿನ್ನಿನೂ ಮದ್ದು."

ನಾನು ವರ್ಷಗಟ್ಟಲೆ ನಳಿಕೆಗಳಲ್ಲಿ ಜೋಡಿಸಿದ ಪ್ರಯೋಗವನ್ನು, ಮದ್ದು ಮುಟ್ಟದವಳನ್ನೂ ಮುಟ್ಟಿದವಳನ್ನೂ ಪಕ್ಕಪಕ್ಕದಲ್ಲಿಟ್ಟು, ಆ ಮುದುಕಿ ಮಡಿಲಲ್ಲಿ ಕೂಸನ್ನಿಟ್ಟುಕೊಂಡು ಮುಗಿಸಿದ್ದಳು. ಆಕೆ ತಾನೇ ಎದ್ದು, ಗೌರಾಬಾಯಿಯ ಫೋನು ಇಸಿದುಕೊಂಡು ಸಿನ್ನರಿಗೆ ಹಚ್ಚಿದಳು.

"ಏ ಶಿವ್ಯಾ, ಕೇಳಿಲ್ಲಿ. ಅಕಿ ಕುಡದಿಲ್ಲ. ನಾ ಕುಡಿಸೀನಿ. ಹೌದು, ನಾನಽ. ಔಷಧ ಅಂತ ಕುಡಿಸೀನಿ, ಅದರಾಗ ಹಂಥಾದ್ದು ಇರ್ತದಂತ ಗೊತ್ತಿರ್ಲಿಲ್ಲ. ನೀ ಬಾಯಿಗಿ ಬಂದಂಗ ಆಡಿದ್ದು ಸಾಕು. ಸುಟ್ಟಿ ತೊಗೊಂಡು ಬಾ, ಬಂದು ಹೆಂಡ್ತಿ ಮುಂದ ಕುಂದ್ರು."

"ತಪ್ಪು ನಿಮ್ಮದಲ್ಲ, ಕಾಶಮ್ಮ," ಎಂದೆ. ಫಲಕದಲ್ಲಿ ಇರಬೇಕಾಗಿದ್ದ ಸಾಲನ್ನು ತೆಗೆಸಿದವಳು ನಾನೆಂದು ಎಲ್ಲರ ಮುಂದೆ ಹೇಳಿದೆ.

"ಯಾಕ ತೆಗಿಸಿದ್ರಿ?" ಎಂದಳು ಗೌರಾಬಾಯಿ.

"ನಿಮಗೆ ಅವಮಾನವಾಗುತ್ತದೆ ಎಂದು."

"ನಮ್ಮನ್ನ ಕೇಳಿದ್ರೇನು?"

"ಇಲ್ಲ."

"ಕೇಳಿದ್ರ ಅರಿಷ್ಟ ಕುಡೀತೀವಿ ಅಂತ ನಾವಽ ಹೇಳ್ತಿದ್ದಿವಲ್ರಿ."

ಹದಿನೈದು ಚರ್ಚಾಸ್ಪರ್ಧೆಗಳ ಪದಕಗಳು ಮನೆಯ ಕಪಾಟಿನಲ್ಲಿದ್ದವು.

ಅಷ್ಟರಲ್ಲಿ ಕೂಸು ಅಳತೊಡಗಿತು. ಕಾಶಮ್ಮ ಸೊಸೆಯ ಬಳಿಗೆ ನಡೆದು, ಏನೂ ಹೇಳದೆ ಅದನ್ನು ಅವಳ ತೋಳಿಗೆ ಕೊಟ್ಟಳು. ಮಹಾದೇವಿ ಸೆರಗು ಸರಿಸಲು ಹೋದವಳು ತಡೆದು, ನನ್ನನ್ನು ನೋಡಿದಳು.

"ಮೇಡಮ್ಮೋರ, ಈ ಮದ್ದು ಹಾಲಿನ್ಯಾಗ ಇಳೀತದೇನ್ರಿ? ಕುಡಸ್ಲೇನು?"

ನಾನು ಬಾಯಿ ತೆರೆದೆ. ಮದ್ದು ಕಣ್ಣಿನೊಳಗೆ ಇಳಿಯುವ ವೇಗ ಗೊತ್ತಿತ್ತು. ಎಷ್ಟು ಹೊತ್ತಿಗೆ ಕಿಣ್ವ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಕ್ಯಾಲ್ಸಿಯಂ ಒಳಬರುತ್ತದೆ, ಪೊಟ್ಯಾಸಿಯಂ ಯಾವಾಗ ಹಿಂಬಾಲಿಸುತ್ತದೆ ಎಲ್ಲವೂ ಗೊತ್ತಿತ್ತು.

"ನನಗೆ ಗೊತ್ತಿಲ್ಲ," ಎಂದೆ.

ವೈದ್ಯರಿಗೆ ಫೋನು ಮಾಡಿದೆ. ಅವರು, ತಮಗೂ ಖಚಿತವಿಲ್ಲ, ಸದ್ಯಕ್ಕೆ ಎದೆಹಾಲು ಬೇಡ, ಕೂಸನ್ನು ಕರೆತನ್ನಿ, ಮಕ್ಕಳ ವೈದ್ಯರನ್ನು ಕೇಳಿ ಬೇರೆ ಹಾಲು ಗೊತ್ತುಮಾಡೋಣ ಎಂದರು. ಮಹಾದೇವಿ ಅಳುವ ಕೂಸನ್ನು ಭುಜದ ಮೇಲೆ ಹಾಕಿಕೊಂಡು, ಇನ್ನೊಂದು ಕೈಯಿಂದ ಎದೆ ಒತ್ತಿಹಿಡಿದು ಜೀಪು ಹತ್ತಿದಳು. ಗೌರಾಬಾಯಿ ಮದ್ದಿನ ಬಕೆಟ್ಟನ್ನು ಎತ್ತಿ ತಂದು ನನ್ನ ಕಾಲಬಳಿ ಇಟ್ಟಳು.

"ನಿಮಗಽ ಗೊತ್ತಿಲ್ಲದ ಮದ್ದು ನಾವು ಮುಟ್ಟಂಗಿಲ್ರಿ," ಎಂದಳು. ಹೆಂಗಸರು ಒಬ್ಬೊಬ್ಬರಾಗಿ ಕೈ ತೊಳೆಯಲು ನಲ್ಲಿಯ ಕಡೆ ಹೋದರು.

ಒಂದು ದಿನ ಬಿಟ್ಟು, ಎರಡು ದಿನ ಬಿಟ್ಟು ಹಚ್ಚಬೇಕಾಗಿದ್ದ ಸಾಲುಗಳಿಗೆ ಮದ್ದು ಬೀಳಲಿಲ್ಲ. ಸಮಯ ಮೀರಿತು, ನನ್ನ ಕೊನೆಯ ಪ್ರಯೋಗ ಅರ್ಧಕ್ಕೇ ನಿಂತಿತು. ಸಂಭಾಜಿನಗರಕ್ಕೆ ಮರಳಿ ಮೊದಲು ಜಾಧವರ ಕೋಣೆಗೆ ಹೋದೆ. ಹೊಸ ಫಲಕವನ್ನು ಅವರೇ ಬರೆದರು. ಮದ್ಯ ಎಂಬ ಪದದ ಜೊತೆಗೆ ಅರಿಷ್ಟ, ಆಸವ, ಕೆಮ್ಮಿನ ಔಷಧ ಎಂದು ಹೆಸರು ಹಿಡಿದು ಸೇರಿಸಿದರು. ಅವರು ಓದಿ ಮುಗಿಸುವವರೆಗೂ ನಾನು ಮಾತನಾಡಲಿಲ್ಲ.

ನನ್ನ ಅಂತಿಮ ವರದಿಯ ಕೋಷ್ಟಕದಲ್ಲಿ ಎರಡು ಕಂಬಸಾಲುಗಳು ಖಾಲಿ ಇವೆ. ಕಾರಣದ ಜಾಗದಲ್ಲಿ ಹೀಗೆ ಬರೆದೆ: ಮದ್ದು ತಾಯಿಯ ಹಾಲಿಗೆ ಇಳಿಯುತ್ತದೆಯೇ ಎಂಬ ಮಹಾದೇವಿಯವರ ಪ್ರಶ್ನೆಗೆ ಪ್ರಯೋಗ ನಡೆಸುತ್ತಿದ್ದವರಲ್ಲಿ ಉತ್ತರವಿರಲಿಲ್ಲವಾದ್ದರಿಂದ ಕೆಲಸ ನಿಲ್ಲಿಸಲಾಯಿತು.

ನಿವೃತ್ತರಾದ ಮೇಲೂ ಸಲಹೆಗಾರರಾಗಿ ಉಳಿದು ನಮ್ಮ ವರದಿಗಳಿಗೆ ಸಹಿ ಹಾಕುತ್ತಿದ್ದ ಪಾಟಣಕರ್ ಅದನ್ನು ಎರಡು ಬಾರಿ ಓದಿದರು. "ಇದು ಬಳ್ಳಿಯ ಕಣ್ಣಿನ ವರದಿ, ಮೇಡಮ್. ಹಾಲು ನಮ್ಮ ವಿಷಯವಲ್ಲ. ಆ ಹೆಸರಾದರೂ ತೆಗೆಯಿರಿ."

"ಪ್ರಶ್ನೆ ಅವಳದು, ಸರ್," ಎಂದೆ.

ವರದಿ ಅವರ ಮೇಜಿನ ಮೇಲೆ ಹಲವು ದಿನ ಇದ್ದು, ಹೆಸರು ಹಾಗೆಯೇ ಉಳಿದು, ಸಹಿಯಾಗಿ ಬಂತು. ನಿಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಅದು ಇಂದಿಗೂ ಇದೆ. ನೀವು ಕೆಲಸಕ್ಕೆ ಸೇರಿದ ದಿನ ತೆಗೆದು ಓದಿ. ನಾನು ಹೊರಟುಬರುವ ದಿನದವರೆಗೆ ಯಾರೂ ಅವಳಿಗೆ ಉತ್ತರ ಕೊಟ್ಟಿರಲಿಲ್ಲ.